ತಪ್ಪನ್ನು ಹೊರಿಸಬಹುದು, ಮನುಷ್ಯನನ್ನಲ್ಲ

ಪ್ರಶ್ನೆ: ಮಗಳು ಪ್ರಬಂಧದಲ್ಲಿ 'ಸುಮ್ಮನೆ ನನ್ನನ್ನು ಆರೋಪಿಸಬೇಡಿ' ಎಂದು ಬರೆದಿದ್ದಳು. ಮೇಷ್ಟ್ರು ಕೆಂಪು ಗೆರೆ ಎಳೆದಿದ್ದಾರೆ. ಇದರಲ್ಲಿ ತಪ್ಪೇನು? ಇನ್ನೊಂದು: ಯಾರೂ ಬಾಯಿಬಿಟ್ಟು ಹೇಳದೆ, ಒಂದು ವಸ್ತುವೇ ಒಬ್ಬನ ತಪ್ಪನ್ನು ತೋರಿಸಿದರೆ ಅದಕ್ಕೂ 'ಆರೋಪಿಸು' ಎನ್ನಬಹುದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಮೇಷ್ಟ್ರು ಸರಿಯಾಗಿಯೇ ಗೆರೆ ಎಳೆದಿದ್ದಾರೆ. ಆರೋಪ ಎಂದರೆ ಮೇಲೆ ಏರಿಸಿ ಇಡುವುದು. ಧ್ವಜಾರೋಹಣದಲ್ಲಿರುವ 'ಆರೋಹಣ' ಇದರ ಹತ್ತಿರದ ನೆಂಟ. ಏರಿಸುವುದು ಏನನ್ನು? ತಪ್ಪನ್ನು. ಎಲ್ಲಿಗೆ? ಮನುಷ್ಯನ ತಲೆ ಮೇಲೆ. 'ನನ್ನನ್ನು ಆರೋಪಿಸಬೇಡಿ' ಎಂದರೆ, ನನ್ನನ್ನೇ ಎತ್ತಿ ಅಟ್ಟದ ಮೇಲೆ ಇಡಬೇಡಿ ಎಂದ ಹಾಗಾಯಿತು! 'ನನ್ನ ಮೇಲೆ ಆರೋಪ ಹೊರಿಸಬೇಡಿ' ಎನ್ನಬೇಕು. 'ಅವನು ಕದ್ದ ಎಂದು ಆರೋಪಿಸಿದರು' ಎಂಬುದೂ ಸರಿ. ಮನುಷ್ಯನನ್ನೇ ಹಿಡಿದು ಹೇಳುವುದಾದರೆ ದೂರು, ದೂಷಿಸು ಇವೆ. ಮಗಳಿಗೆ 'ನನ್ನನ್ನು ದೂರಬೇಡಿ' ಸಾಕಿತ್ತು.

ನಮ್ಮ ಆಡುಮಾತಿನಲ್ಲೂ ಇದೇ ಹೊರೆಯ ಲೆಕ್ಕ. ಹೊರಿಸು, ತಲೆಗೆ ಕಟ್ಟು, ಗೂಬೆ ಕೂರಿಸು. ಗೂಬೆ ಸೂರಿನ ಮೇಲೆ ಕೂತರೆ ಮನೆಗೆ ಕೇಡು ಎಂಬ ನಂಬಿಕೆ ಇದೆಯಲ್ಲ, ಪಾಪದ ಹಕ್ಕಿ ಹೀಗೆ ಮಾತಿನೊಳಕ್ಕೆ ಬಂತು. ಆದರೆ ಒಂದು ವ್ಯತ್ಯಾಸವಿದೆ. ಆರೋಪ ನಿಜವೂ ಇರಬಹುದು. ಕೂರಿಸಿದ ಗೂಬೆ ಮಾತ್ರ ಯಾವಾಗಲೂ ಬೇರೆಯವರದು.

ಎರಡನೇ ಪ್ರಶ್ನೆಗೆ ಬರೋಣ. ನಾನು ಕೋರ್ಟಿನಲ್ಲಿ ಸಾಕ್ಷಿ ಹೇಳಿಕೆ ಟೈಪ್ ಮಾಡುತ್ತಿದ್ದ ಕಾಲ. ಬಾಳೆಗೊನೆ ಕಳವಿನ ಕೇಸು. ಪಾಟೀ ಸವಾಲಿನಲ್ಲಿ ಆರೋಪಿಯ ವಕೀಲರು ತೋಟದ ಯಜಮಾನರನ್ನು ಬಿಡದೆ ಜಗ್ಗಿದರು: 'ಇವನ ಮೇಲೆ ಸುಳ್ಳು ಹೇಳ್ತಿದ್ದೀರಿ!' ಮುದುಕರು ಮೆಲ್ಲಗೆ, 'ನಾನೇನ್ ಹೇಳ್ಲಿ ಸ್ವಾಮಿ, ಅವನ ಅಂಗೀನೇ ಹೇಳ್ತೈತಲ್ಲ' ಎಂದರು. ಬಾಳೆ ಸೊನೆಯ ಕಲೆ ಎಷ್ಟು ಉಜ್ಜಿದರೂ ಹೋಗುವುದಿಲ್ಲ, ಅಲ್ವಾ?

ಅಂಗಿ ಆರೋಪಿಸಲಿಲ್ಲ. ಆರೋಪಿಸಲು ಬಾಯಿ ಬೇಕು. ಅಂಗಿ ಅವನನ್ನು ಹಿಡಿದುಕೊಟ್ಟಿತು. ನೀವು ಹುಡುಕುತ್ತಿರುವ ಕ್ರಿಯಾಪದ ಇದೇ. 'ಸಿಕ್ಕಿಸು' ಎಂದೂ ಬರೆಯುತ್ತಾರೆ. ಅದರಲ್ಲಿ ಸಂಚಿನ ವಾಸನೆ ಜಾಸ್ತಿ.

ತನ್ನನ್ನು ತಾನೇ ಹಿಡಿದುಕೊಡು ಎಂದು ಮಾತ್ರ ಯಾರನ್ನೂ ಬಲವಂತ ಮಾಡುವಂತಿಲ್ಲ. ಆರೋಪಿ ತನ್ನ ವಿರುದ್ಧವೇ ಸಾಕ್ಷಿಯಾಗುವಂತೆ ಒತ್ತಾಯಿಸಬಾರದು ಎನ್ನುತ್ತದೆ ಸಂವಿಧಾನದ 20(3)ನೇ ವಿಧಿ. ಒಪ್ಪಿಗೆ ಇಲ್ಲದೆ ಮಂಪರು ಪರೀಕ್ಷೆ ಸಲ್ಲದು ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿದ್ದು ನಮ್ಮ ರಾಜ್ಯದಿಂದ ಹೋದ ಸೆಲ್ವಿ ಪ್ರಕರಣದಲ್ಲಿ. ಅಲ್ಲೂ ಈ ವಿಧಿಯೇ ಮುಂದೆ ನಿಂತಿತ್ತು. ಅಂಗಿಗೆ ಆ ರಕ್ಷಣೆ ಇಲ್ಲ.

ಅಂದಹಾಗೆ, ಮುದುಕರ ಆ ಮಾತು ದಾಖಲೆಗೆ ಹೋಗಲಿಲ್ಲ. ಜಡ್ಜ್ ಸಾಹೇಬರು ಹೇಳಿ ಬರೆಸಿದಂತೆ ನಾನು ಟೈಪ್ ಮಾಡಿದ್ದು ಇಷ್ಟೇ: 'ನಾನು ಸುಳ್ಳು ಸಾಕ್ಷಿ ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ.'