ಊಟ ಮಾಡಿತು ಅಂತ ಮಾತ್ರೆ ನಿಲ್ಲಿಸಬೇಡಿ

ಪ್ರಶ್ನೆ: ನಮ್ಮದು ಸಾಗರದ ಹತ್ತಿರ ತೋಟದ ಮನೆ. ನಾಯಿಗೆ 4 ವರ್ಷ. 15 ದಿನದ ಹಿಂದೆ ಜ್ವರ ಬಂದು ಊಟ ಬಿಟ್ಟಿತ್ತು. ರಕ್ತ ಪರೀಕ್ಷೆ ಮಾಡಿ ಉಣುಗಿನ ಜ್ವರ ಎಂದು ಡಾಕ್ಟರು ಮಾತ್ರೆ ಕೊಟ್ಟರು. ಐದನೇ ದಿನಕ್ಕೆ ಚೆನ್ನಾಗಿ ಊಟ ಮಾಡಿತು, ಮಾತ್ರೆ ನಿಲ್ಲಿಸಿದೆವು. ಈಗ ಮತ್ತೆ ಮಂಕಾಗಿದೆ. ಬೆಳಿಗ್ಗೆ ಮೂಗಿನಿಂದ ರಕ್ತ ಬಂತು. ನಮ್ಮ ಜ್ವರದ ಮಾತ್ರೆಯನ್ನೇ ಕೊಡಬಹುದೇ? ಇದು ಮಂಗನ ಕಾಯಿಲೆಯೇ? ಮನೆಯಲ್ಲಿ ಮಕ್ಕಳಿದ್ದಾರೆ.

ಉತ್ತರ: ನಾಳೆಯವರೆಗೆ ಕಾಯಬೇಡಿ, ಇವತ್ತೇ ಕರೆದುಕೊಂಡು ಹೋಗಿ. ನಮ್ಮ ಜ್ವರದ ಮಾತ್ರೆ ಖಂಡಿತ ಬೇಡ. ಐಬುಪ್ರೊಫೆನ್ ನಾಯಿಯ ಹೊಟ್ಟೆಯೊಳಗೆ ಹುಣ್ಣು ಮಾಡಿ ರಕ್ತಸ್ರಾವ ತರುತ್ತದೆ, ಪ್ಯಾರಾಸಿಟಮಾಲ್ ಜಾಸ್ತಿಯಾದರೆ ಲಿವರ್ ಕೆಡುತ್ತದೆ. ಹೊರಡುವ ತನಕ ನಾಯಿಯನ್ನು ತಂಪು ಜಾಗದಲ್ಲಿ ಓಡಾಡದ ಹಾಗೆ ಮಲಗಿಸಿ. ಬಟ್ಟೆಯಲ್ಲಿ ಐಸ್ ಸುತ್ತಿ ಮೂಗಿನ ಮೇಲ್ಭಾಗಕ್ಕೆ ಇಡಿ. ಮೂಗಿನೊಳಗೆ ಹತ್ತಿ ತುರುಕಬೇಡಿ.

ಇಂಥ ನಾಯಿಗಳು ನನ್ನ ಟೇಬಲ್ ಮೇಲೆ ಬರುತ್ತಲೇ ಇರುತ್ತವೆ. ಮೊದಲು ತುಟಿ ಎತ್ತಿ ನೋಡುತ್ತೇನೆ. ಗುಲಾಬಿ ಬಣ್ಣ ಇರಬೇಕಾದ ಒಸಡು ಸುಣ್ಣದ ಗೋಡೆಯ ಹಾಗೆ ಬೆಳ್ಳಗಿರುತ್ತದೆ. ಹೊಟ್ಟೆಯ ಚರ್ಮದ ಮೇಲೆ ರಾಗಿಕಾಳಿನಷ್ಟು ಕೆಂಪು ಚುಕ್ಕೆಗಳು. ಕಿವಿ ಮಡಚಿದರೆ ಒಳಗೆ ರಕ್ತ ಕುಡಿದು ಉಬ್ಬಿದ ಉಣುಗುಗಳು, ಥೇಟ್ ಹರಳುಬೀಜ. 'ಚುರುಕಾಗಿತ್ತು ಸಾರ್, ಸುಮ್ನೆ ಮಾತ್ರೆ ಯಾಕೆ ಅಂತ ಬಿಟ್ವಿ' ಎನ್ನುತ್ತಾರೆ. ಆ ಹೊತ್ತಿಗೆ ಕೆಲವಕ್ಕೆ ಬೇರೆ ನಾಯಿಯ ರಕ್ತವನ್ನೇ ಕೊಡಬೇಕಾಗಿರುತ್ತದೆ. ಮನಸ್ಸಿಗೆ ತುಂಬಾ ನೋವಾಗುತ್ತದೆ.

ಉಣುಗಿನ ಜ್ವರ ತರುವ ಎರ್ಲಿಕಿಯಾ ಎಂಬ ರೋಗಾಣು ಬಿಳಿ ರಕ್ತಕಣದೊಳಗೆ ಅಡಗಿ ಕೂರುತ್ತದೆ. ಅದಕ್ಕೆ ಕೊಡುವ ಡಾಕ್ಸಿಸೈಕ್ಲಿನ್ ಮಾತ್ರೆ ಶುರುಮಾಡಿದ ಎರಡು ಮೂರು ದಿನದಲ್ಲೇ ಜ್ವರ ಇಳಿದು ಹಸಿವು ಬರುತ್ತದೆ, ಆದರೆ ರೋಗಾಣು ಪೂರ್ತಿ ಹೋಗಿರುವುದಿಲ್ಲ. ಅದಕ್ಕೇ 28 ದಿನದ ಕೋರ್ಸ್. ಆರೋಗ್ಯವಾಗಿರುವ ನಾಯಿಯಲ್ಲಿ ರಕ್ತ ಹೆಪ್ಪುಗಟ್ಟಿಸುವ ಕಣ, ಅಂದರೆ ಪ್ಲೇಟ್‌ಲೆಟ್ ಸುಮಾರು 2 ಲಕ್ಷದಿಂದ 5 ಲಕ್ಷದವರೆಗೆ ಇರುತ್ತದೆ. ಅದು ತೀರಾ ಇಳಿದಾಗ ಮೂಗಿನಿಂದ ರಕ್ತ ಬರಬಹುದು. ಈ ಮಾತ್ರೆಯನ್ನು ಬರೀ ಹೊಟ್ಟೆಗೆ ಕೊಡಬೇಡಿ. ಅನ್ನದ ಉಂಡೆಯಲ್ಲಿಟ್ಟು ಕೊಡಿ, ಮೇಲೆ ನೀರು ಕುಡಿಸಿ. ಇಲ್ಲವಾದರೆ ಗಂಟಲಲ್ಲೇ ಸಿಕ್ಕಿಕೊಂಡು ಅನ್ನನಾಳ ಸುಡುತ್ತದೆ. ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ದರೆ ಡಾಕ್ಟರಿಗೆ ಹೇಳಿ. ಅದು ಉಣುಗಿನಿಂದಲೇ ಬರುವ ಇನ್ನೊಂದು ರೋಗಾಣು, ಬೆಬೀಸಿಯಾ ಇರಬಹುದು. ಅದಕ್ಕೆ ಈ ಮಾತ್ರೆ ಒಂದೇ ಸಾಲದು.

ಮಂಗನ ಕಾಯಿಲೆ ಬೇರೆ. ಅದು ವೈರಸ್. 1957ರಲ್ಲಿ ನಿಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾಯಿತು. ಅದನ್ನು ಹರಡುವುದು ಕಾಡಿನ ಉಣುಗು. ನಾಯಿಯನ್ನು ಮುಟ್ಟಿದ್ದಕ್ಕೆ ಮಕ್ಕಳಿಗೆ ಈಗಿನ ಜ್ವರ ಅಂಟುವುದಿಲ್ಲ. ಆದರೆ ನಾಯಿ ಕಾಡಿಗೆ ಹೋಗಿ ಬರುತ್ತದಲ್ವಾ? ಹಾಗಾಗಿ ಉಣುಗು ಕೀಳುವ ಕೆಲಸ ಮಕ್ಕಳಿಗೆ ಬೇಡ. ನೀವೇ ಗ್ಲೌಸ್ ಹಾಕಿಕೊಂಡು, ಚಿಮುಟದಲ್ಲಿ ಚರ್ಮದ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ. ಉಗುರಿನಲ್ಲಿ ಹಿಚುಕಬೇಡಿ.

ಮನೆಯ ಉಣುಗು ನಾಯಿಯ ಮೈಮೇಲೆ ಇರುವುದಕ್ಕಿಂತ ಗೋಡೆ ಬಿರುಕಿನಲ್ಲಿ, ಗೋಣಿಚೀಲದ ಅಡಿಯಲ್ಲಿ ಇರುವುದೇ ಜಾಸ್ತಿ. ಒಂದು ಹೆಣ್ಣು ಸಾವಿರಾರು ಮೊಟ್ಟೆ ಇಡುತ್ತದೆ. ಹಾಸಿದ ಗೋಣಿ ಸುಟ್ಟುಬಿಡಿ, ಬಿರುಕು ಮುಚ್ಚಿಸಿ. ದನಕ್ಕೆ ತಂದ ಉಣುಗಿನ ಔಷಧವನ್ನು ಅಳತೆಯಿಲ್ಲದೆ ನಾಯಿಗೆ ಹಚ್ಚಬೇಡಿ, ಅದರಿಂದ ಪ್ರಾಣಕ್ಕೇ ಅಪಾಯ. ತಿಂಗಳಿಗೊಮ್ಮೆ ಇಲ್ಲವೇ ಮೂರು ತಿಂಗಳಿಗೊಮ್ಮೆ ತಿನ್ನಿಸುವ ಮಾತ್ರೆಗಳಿವೆ, ತೂಕ ನೋಡಿ ಡಾಕ್ಟರೇ ಬರೆದುಕೊಡುತ್ತಾರೆ.

ಹೋಗುವಾಗ ಹಳೆಯ ರಕ್ತ ಪರೀಕ್ಷೆಯ ಚೀಟಿ, ಉಳಿದ ಮಾತ್ರೆ ಎರಡನ್ನೂ ಒಯ್ಯಿರಿ. ಎಷ್ಟನೇ ದಿನಕ್ಕೆ ನಿಲ್ಲಿಸಿದಿರಿ ಅಂತ ಸಂಕೋಚ ಇಲ್ಲದೆ ಹೇಳಿ. ಯಾರೂ ಬೈಯುವುದಿಲ್ಲ.