ಘಾಟಿ ಹತ್ತುವಾಗ ಕ್ಲಚ್ ಜಾರ್ತದೆ, ಸ್ಪ್ರಿಂಗ್ ಮಾತ್ರ ಹಾಕಿದ್ರೆ ಸಾಕಾ, ಪೂರ್ತಿ ಸೆಟ್ ಹಾಕ್ಬೇಕಾ?

ನೀವು ಕೇಳಿದ್ದು ಇಷ್ಟು: 150 ಸಿಸಿ ಬೈಕು, ಐವತ್ತು ಸಾವಿರ ಕಿಲೋಮೀಟರ್ ಹತ್ರ ಓಡಿದೆ, ಆಗುಂಬೆ ಘಾಟಿ ಹತ್ತುವಾಗ ಎಂಜಿನ್ ಕೂಗ್ತದೆ ಆದ್ರೆ ಗಾಡಿ ಮುಂದೆ ಹೋಗಲ್ಲ, ಗ್ಯಾರೇಜಿನವರು ಕ್ಲಚ್ ಪೂರ್ತಿ ಬದಲಾಯಿಸಿ ಅಂದ್ರು, ಸ್ನೇಹಿತರು ಬರೀ ಸ್ಪ್ರಿಂಗ್ ಸಾಕು ಅಂದ್ರು. ಇಬ್ರ ಮಾತೂ ಈಗ್ಲೇ ಕೇಳ್ಬೇಡಿ ಮಾರಾಯ್ರೆ. ಕವರ್ ಬಿಚ್ಚಿ ಅಳತೆ ಹಿಡಿಯೋ ತನಕ ಅದು ಯಾರಿಗೂ ಗೊತ್ತಾಗಲ್ಲ. ನಾನು ಮೆಕ್ಯಾನಿಕ್ ಅಲ್ಲ, ಶಿವಮೊಗ್ಗದಲ್ಲಿರೋದು, ಮನೆ ಗಾಡಿಗಳ ಕೆಲಸ ನಾನೇ ಮಾಡ್ಕೊಳ್ತೀನಿ, ಅದ್ರಲ್ಲಿ ಕ್ಲಚ್ ಕೆಲಸ ನಂಗೆ ಇಷ್ಟ, ಯಾಕಂದ್ರೆ ಅದ್ರಲ್ಲಿ ಊಹೆ ಮಾಡೋದು ಏನೂ ಇಲ್ಲ, ಎಲ್ಲ ಅಳತೆನೇ.

ಆದ್ರೆ ಕವರಿಗೆ ಕೈ ಹಾಕೋ ಮುಂಚೆ ಕೇಬಲ್ ನೋಡಿ. ನಮ್ಮ ಕಡೆ ಇದು ಬಹಳ ಮುಖ್ಯ. ಜೂನಿಂದ ಸೆಪ್ಟೆಂಬರ್ ತನಕ ಗಾಡಿ ಮಳೆಯಲ್ಲೇ ನೆನೀತಾ ಇರ್ತದೆ, ಲಿವರ್ ಹತ್ರ ಇರೋ ರಬ್ಬರ್ ಬೂಟ್ ಹರಿದಿದ್ರೆ ನೀರು ಕೇಬಲ್ ಒಳಗೆ ಇಳಿದು ಒಳಗಿನ ತಂತಿ ತುಕ್ಕು ಹಿಡೀತದೆ, ಆಮೇಲೆ ಲಿವರ್ ಬಿಟ್ರೂ ತಂತಿ ಪೂರ್ತಿ ವಾಪಸ್ ಹೋಗಲ್ಲ. ಅಂದ್ರೆ ನೀವು ಕ್ಲಚ್ ಬಿಟ್ಟಿದೀನಿ ಅಂದ್ಕೊಂಡಿರ್ತೀರಿ, ಒಳಗೆ ಅದು ಹಾಫ್ ಕ್ಲಚ್ಚಲ್ಲೇ ಇರ್ತದೆ. ಲಕ್ಷಣ ಥೇಟ್ ಸೋತ ಸ್ಪ್ರಿಂಗಿಂದೇ. ಲಿವರ್ ತುದಿಯಲ್ಲಿ 10ರಿಂದ 20 ಮಿ.ಮೀ. ಸುಮ್ನೆ ಆಡ್ಬೇಕು, ಅದನ್ನ ಫ್ರೀ ಪ್ಲೇ ಅಂತಾರೆ. ಕ್ಲಚ್ ಪ್ಲೇಟ್ ಸವೆದ ಹಾಗೆ ಈ ಆಟ ತಾನಾಗೇ ಕಮ್ಮಿ ಆಗ್ತಾ ಬರ್ತದೆ, ತುಂಬಾ ಜನ ಇದನ್ನ ನೋಡೋದೇ ಇಲ್ಲ. ಅಡ್ಜಸ್ಟರ್ ಎರಡು ಸುತ್ತು ತಿರುಗ್ಸಿದ್ರೆ ಮುಗಿಯೋ ಕೆಲ್ಸಕ್ಕೆ ಸಾವಿರಗಟ್ಟಲೆ ಕೊಟ್ಟು ಬಂದವರನ್ನ ನೋಡಿದೀನಿ.

ಎರಡನೇದು ಆಯಿಲ್. ಈಚೆಗೆ ಆಯಿಲ್ ಚೇಂಜ್ ಮಾಡ್ಸಿದ ಮೇಲೆ ಶುರು ಆಯ್ತಾ ನೆನಪು ಮಾಡ್ಕೊಳ್ಳಿ. ನಮ್ಮ ಬೈಕಿನ ಕ್ಲಚ್ ಎಂಜಿನ್ ಆಯಿಲ್ಲಲ್ಲೇ ಮುಳುಗಿ ಕೆಲಸ ಮಾಡೋದು, ಕಾರಿನ ಆಯಿಲ್ಲಲ್ಲಿ ಜಾರಿಕೆಗೆ ಅಂತ ಸೇರ್ಸೋ ಕೆಮಿಕಲ್ ಇಲ್ಲಿ ಬಂದ್ರೆ ಪ್ಲೇಟೂ ಜಾರ್ತದೆ. ಡಬ್ಬಿ ಮೇಲೆ ಜಾಸೊ (JASO, ಜಪಾನಿನ ಗುಣಮಟ್ಟದ ಗುರುತು) ಎಂಎ ಅಥವಾ ಎಂಎ2 ಅಂತ ಇರ್ಬೇಕು. ಎಂಬಿ ಅಂತ ಇದ್ರೆ ಅದು ಸ್ಕೂಟರಿಂದು, ಬೇಡ.

ಇವೆರಡೂ ಸರಿ ಇದ್ರೆ ಮಾತ್ರ ಮುಂದಕ್ಕೆ. ಗಾಜನೂರು ಕಡೆ ಎಲ್ಲಾದ್ರೂ ಖಾಲಿ ರಸ್ತೆ ಸಿಕ್ಕಾಗ ಟಾಪ್ ಗೇರಲ್ಲಿ 40-45 ಸ್ಪೀಡಲ್ಲಿ ಹೋಗ್ತಾ ಒಂದ್ಸಲ ಪೂರ್ತಿ ಎಕ್ಸಲೇಟರ್ ಕೊಡಿ. ಎಂಜಿನ್ ಸದ್ದು ಏರಿ ಗಾಡಿ ಹಿಂದೆ ಬಿದ್ರೆ ಕ್ಲಚ್ ಜಾರ್ತಿದೆ ಅಂತ ಲೆಕ್ಕ. ಟಾಪ್ ಗೇರೇ ಯಾಕೆ ಅಂದ್ರೆ, ಅದೇ ಏರಿಗೆ ಅದೇ ಎಳೆತಕ್ಕೆ ಮೇಲಿನ ಗೇರಲ್ಲಿ ಕ್ಲಚ್ ಮೇಲೆ ಬೀಳೋ ಭಾರ ಜಾಸ್ತಿ, ಕೆಳಗಿನ ಗೇರಲ್ಲಿ ಕಮ್ಮಿ. ಹಾಗಾಗಿ ಸೋತ ಕ್ಲಚ್ ಮೊದ್ಲು ಕೈ ಕೊಡೋದು ಮೇಲಿನ ಗೇರಲ್ಲೇ.

ಈಗ ಸ್ಪ್ರಿಂಗ್ ವಿಷಯ. ಒಂದ್ ಮಿಲಿಮೀಟರ್ ಕಮ್ಮಿ ಆದ್ರೆ ಎಂತ ಆಗ್ತದೆ ಅಂತ ಅನ್ಸಬಹುದು. ಲೆಕ್ಕ ಹಾಕಿ ನೋಡಿ, ಇದು ಉದಾಹರಣೆ ಅಷ್ಟೆ, ನಿಮ್ಮ ಗಾಡಿ ಅಳತೆ ಬೇರೆ ಇರ್ತದೆ. ಹೊಸ ಸ್ಪ್ರಿಂಗ್ ಹೊರಗಿಟ್ರೆ 36 ಮಿ.ಮೀ., ಬೋಲ್ಟ್ ಟೈಟ್ ಮಾಡಿದ್ಮೇಲೆ 24ಕ್ಕೆ ಕುಗ್ಗಿರ್ತದೆ ಅಂತ ಇಟ್ಕೊಳ್ಳಿ. ಪ್ಲೇಟುಗಳನ್ನ ಹಿಡ್ಕೊಂಡಿರೋದು ಆ ಕುಗ್ಗಿದ 12 ಮಿ.ಮೀ. ಬಲ. ವರ್ಷಗಟ್ಟಲೆ ಬಿಸಿ ಆಯಿಲ್ಲಲ್ಲಿ ಒತ್ತಿಸ್ಕೊಂಡು ಒತ್ತಿಸ್ಕೊಂಡು ಅದೇ ಸ್ಪ್ರಿಂಗ್ 34.5ಕ್ಕೆ ಇಳಿದ್ರೆ ಕುಗ್ಗೋದು 10.5 ಮಾತ್ರ. ಉದ್ದದಲ್ಲಿ ಹೋಗಿದ್ದು ನೂರಕ್ಕೆ ನಾಲ್ಕು, ಹಿಡಿತದಲ್ಲಿ ಹೋಗಿದ್ದು ನೂರಕ್ಕೆ ಹನ್ನೆರಡೂವರೆ. ಇದರ ಜೊತೆ ಐದು ಫ್ರಿಕ್ಷನ್ ಪ್ಲೇಟು (ಉಜ್ಜಿ ಹಿಡಿಯೋ ಪದರ ಇರೋ ಪ್ಲೇಟು, ಇವುಗಳ ಮಧ್ಯೆ ಸ್ಟೀಲ್ ಪ್ಲೇಟ್ ಇರ್ತದೆ) ತಲಾ 0.2 ಮಿ.ಮೀ. ಸವೆದ್ರೆ ಪ್ಲೇಟಿನ ಕಟ್ಟು ಒಂದು ಮಿ.ಮೀ. ತೆಳ್ಳಗಾಯ್ತು, ಅಷ್ಟು ಜಾಗ ಸ್ಪ್ರಿಂಗಿಗೆ ಹಿಗ್ಗೋಕೆ ಸಿಕ್ತು, ಕುಗ್ಗಿದ್ದು 9.5ಕ್ಕೆ ಬಂತು. ಹಿಡಿತದಲ್ಲಿ ಐದರಲ್ಲಿ ಒಂದು ಪಾಲು ಹೋಯ್ತು. ಅಷ್ಟಾದ್ಮೇಲೆ ಜಾರಕ್ಕೆ ಶುರು, ಜಾರಿದ್ರೆ ಬಿಸಿ, ಬಿಸಿ ಆದ್ರೆ ಸ್ಪ್ರಿಂಗ್ ಇನ್ನೂ ಸೋಲ್ತದೆ. ಅದಕ್ಕೇ ಕ್ಲಚ್ ಕೆಡೋದು ನಿಧಾನ, ಕೆಡ್ತಾ ಇದೆ ಅಂತ ಗೊತ್ತಾದ ಮೇಲೆ ಬಹಳ ಬೇಗ.

ಹಾಗಾಗಿ ಪ್ಲೇಟಾ ಸ್ಪ್ರಿಂಗಾ ಅಂತ ಬೇರೆ ಬೇರೆ ಮಾಡಿ ಕೇಳೋದಕ್ಕಿಂತ ಎರಡನ್ನೂ ಅಳೆದು, ಲಿಮಿಟ್ ದಾಟಿದ್ದನ್ನ ಹಾಕೋದು. ನಿಮ್ಮ ಗಾಡಿ ಸರ್ವಿಸ್ ಮ್ಯಾನ್ಯುಯಲಲ್ಲಿ ಸ್ಪ್ರಿಂಗ್ ಉದ್ದಕ್ಕೂ ಪ್ಲೇಟ್ ದಪ್ಪಕ್ಕೂ ಇಂತಿಷ್ಟು ಅಂತ ಲಿಮಿಟ್ ಕೊಟ್ಟಿರ್ತಾರೆ. ಒಂದು ವರ್ನಿಯರ್ (ಮಿ.ಮೀ.ಗಿಂತ ಸಣ್ಣದನ್ನೂ ಅಳೆಯೋ ಸಾಧನ) ತಗೊಳ್ಳಿ, ಸ್ಕೇಲಲ್ಲಿ ಆಗೋ ಕೆಲಸ ಅಲ್ಲ ಇದು.

ಬಿಚ್ಚೋದು ಕಷ್ಟ ಇಲ್ಲ. ಎಂಜಿನ್ ತಣ್ಣಗಾಗಿರ್ಲಿ. ಸಾಮಾನ್ಯವಾಗಿ ನಮ್ಮ ಬೈಕುಗಳಲ್ಲಿ ಕ್ಲಚ್ ಬಲಗಡೆ (ಹಳೇ ಬುಲೆಟ್ ಇದ್ದವರಿಗೆ ಎಡಗಡೆ, ಅವರ ಕಥೆನೇ ಬೇರೆ), ಗಾಡಿನ ಎಡಕ್ಕೆ ಚೆನ್ನಾಗಿ ಓರೆ ಮಾಡಿ ನಿಲ್ಸಿದ್ರೆ ಎಷ್ಟೋ ಗಾಡಿಗಳಲ್ಲಿ ಆಯಿಲ್ ಇಳಿಸೋದೂ ಬೇಡ, ಆದ್ರೂ ಆಯಿಲ್ ಹಳೇದಾಗಿದ್ರೆ ಇಳಿಸಿಬಿಡಿ. ಕೇಬಲ್ ಲೂಸ್ ಮಾಡಿ, ಕಿಕ್ಕರ್ ತೆಗೆದು, ಕವರ್ ಬೋಲ್ಟ್ ಬಿಚ್ಚಿ. ಈ ಬೋಲ್ಟುಗಳು ಒಂದೇ ಉದ್ದ ಇರಲ್ಲ, ಒಂದು ರಟ್ಟಿನ ಮೇಲೆ ಕವರ್ ಆಕಾರ ಗೀಚಿ ಯಾವ ಬೋಲ್ಟ್ ಎಲ್ಲಿಂದ ಬಂತೋ ಅಲ್ಲೇ ಚುಚ್ಚಿ ಇಡಿ. ಉದ್ದದ್ದನ್ನ ಗಿಡ್ಡದ ಜಾಗಕ್ಕೆ ಹಾಕಿ ಬಿಗಿದ್ರೆ ಅಲ್ಯುಮಿನಿಯಂ ಕೇಸ್ ಒಡೀತದೆ. ಕವರ್ ಸಂದಿಯ ಪ್ಯಾಕಿಂಗ್ ಹೊಸದು ಮೊದ್ಲೇ ತಂದಿಟ್ಕೊಳ್ಳಿ, ಹಳೇದು ಹರಿದೇ ಬರ್ತದೆ. ಮೊಬೈಲಲ್ಲಿ ಹಂತ ಹಂತಕ್ಕೂ ಫೋಟೋ ತೆಗೀರಿ, ಕೆಲವು ಗಾಡಿಯಲ್ಲಿ ಹೊರಗಿನ ಫ್ರಿಕ್ಷನ್ ಪ್ಲೇಟಿನ ಕಿವಿ ಬೇರೆ ಸೀಳಲ್ಲಿ ಕೂರ್ತದೆ, ಜೋಡಿಸುವಾಗ ಮರೆತುಹೋಗ್ತದೆ.

ಸ್ಪ್ರಿಂಗಿನ ಬೋಲ್ಟುಗಳನ್ನ ಒಂದೊಂದಾಗಿ ಪೂರ್ತಿ ತೆಗೀಬೇಡಿ. ಗಾಡಿ ಗೇರಲ್ಲಿಟ್ಟು ಹಿಂದಿನ ಬ್ರೇಕ್ ಒತ್ತಿಸಿಕೊಂಡ್ರೆ ಹಬ್ (ಪ್ಲೇಟುಗಳ ನಡುವೆ ಇರೋ ಒಳಭಾಗ) ತಿರುಗಲ್ಲ, ಆಗ ಎದುರುಬದುರಾಗಿ ಅರ್ಧರ್ಧ ಸುತ್ತು ಲೂಸ್ ಮಾಡ್ತಾ ಬನ್ನಿ. ಒಂದೇ ಕಡೆ ಬಿಚ್ಚಿದ್ರೆ ಪ್ರೆಶರ್ ಪ್ಲೇಟ್ (ಸ್ಪ್ರಿಂಗಿನ ಬಲದಿಂದ ಪ್ಲೇಟುಗಳನ್ನ ಒತ್ತಿ ಹಿಡಿಯೋ ತಟ್ಟೆ) ಓರೆ ಆಗಿ, ಬೋಲ್ಟ್ ಕೂರೋ ಅಲ್ಯುಮಿನಿಯಂ ಕಂಬ ಮುರಿಯೋ ಚಾನ್ಸ್ ಇದೆ.

ಹೊರಗೆ ಬಂದ ಸ್ಪ್ರಿಂಗುಗಳನ್ನ ಒರೆಸಿ ಒಂದು ಗಾಜಿನ ಮೇಲೆ ಸಾಲಾಗಿ ನಿಲ್ಲಿಸಿ, ಪಕ್ಕದಲ್ಲಿ ಹೊಸದೊಂದು ಇಡಿ. ಕಣ್ಣು ಗಾಜಿನ ಮಟ್ಟಕ್ಕೆ ತಂದು ನೋಡಿದ್ರೆ ವರ್ನಿಯರಿಗಿಂತ ಮೊದ್ಲೇ ಗೊತ್ತಾಗ್ತದೆ: ಒಂದು ಕುಳ್ಳಗಾಗಿರ್ತದೆ, ಇನ್ನೊಂದು ಸ್ವಲ್ಪ ವಾಲಿ ನಿಂತಿರ್ತದೆ, ಮತ್ತೊಂದರ ಹೊಟ್ಟೆಯಲ್ಲಿ ಕಂಬಕ್ಕೆ ಉಜ್ಜಿ ಹೊಳೆಯೋ ಗೆರೆ ಬಿದ್ದಿರ್ತದೆ. ಒಂದು ಸೋತಿದ್ರೂ ಸ್ಪ್ರಿಂಗ್ ಸೆಟ್ ಪೂರ್ತಿ ಬದಲಾಯಿಸಿ. ಒಂದು ಹೊಸದು ಮೂರು ಹಳೇದು ಇದ್ರೆ ಪ್ರೆಶರ್ ಪ್ಲೇಟ್ ಒಂದು ಕಡೆ ಜಾಸ್ತಿ ಒತ್ತಿ, ಲಿವರ್ ಹಿಡಿದಾಗ ಓರೆಯಾಗಿ ಏಳ್ತದೆ, ಆಮೇಲೆ ನ್ಯೂಟ್ರಲ್ ಬೀಳಲ್ಲ, ಗೇರ್ ಹಾಕಿದ್ರೆ ಟಕ್ ಅಂತದೆ. ಹೇಗೂ ಸ್ಪ್ರಿಂಗ್ ಸೆಟ್ಟಿಗೆ ಪ್ಲೇಟ್ ಸೆಟ್ ಮುಂದೆ ಏನೂ ದುಡ್ಡಾಗಲ್ಲ.

ಸ್ಟೀಲ್ ಪ್ಲೇಟ್ ಮೇಲೆ ನೀಲಿ ಬಣ್ಣದ ಕಲೆ ಇದ್ಯಾ ನೋಡಿ. ಇದ್ರೆ ಬಹಳ ಕಾದಿದೆ ಅಂತ, ಅದೇ ಗಾಜಿನ ಮೇಲೆ ಇಟ್ಟು ಅಲ್ಲಾಡ್ತದಾ ನೋಡಿ, ಬಗ್ಗಿದ್ರೆ ಅದೂ ಹೋಯ್ತು. ಫ್ರಿಕ್ಷನ್ ಪ್ಲೇಟ್ ದಪ್ಪ ಲಿಮಿಟ್ ಒಳಗಿದ್ದು, ಸುಟ್ಟ ವಾಸನೆ ಇಲ್ಲದೆ, ಮೇಲ್ಮೈ ಕನ್ನಡಿ ಥರ ಹೊಳೀದೆ ಇದ್ರೆ ಸ್ಪ್ರಿಂಗ್ ಮಾತ್ರ ಸಾಕು, ನಿಮ್ಮ ಸ್ನೇಹಿತರು ಹೇಳಿದ್ದೇ ಸರಿ. ಆದ್ರೆ ನೀವು ಬರೆದಿರೋ ಕಿಲೋಮೀಟರ್, ಅದರ ಮೇಲೆ ಘಾಟಿ ಓಡಾಟ ನೋಡಿದ್ರೆ ಪ್ಲೇಟೂ ಬೇಕಾಗಬಹುದು ಅಂತ ನನ್ನ ಅನಿಸಿಕೆ. ಹಾಗಂತ ಹಬ್ಬು, ಹೌಸಿಂಗ್ (ಪ್ಲೇಟುಗಳನ್ನ ಹೊರಗಿಂದ ಹಿಡಿದಿರೋ ಬುಟ್ಟಿ) ಸೇರಿ ಪೂರ್ತಿ ಅಸೆಂಬ್ಲಿ ಬೇಕು ಅನ್ನೋದು ಅಷ್ಟು ಸುಲಭಕ್ಕೆ ಒಪ್ಪೋ ಮಾತಲ್ಲ. ಹೌಸಿಂಗಿನ ಬೆರಳುಗಳ ಮೇಲೆ ಉಗುರು ಎಳೆದು ನೋಡಿ, ಉಗುರು ಸಿಕ್ಕಿಬೀಳೋ ಹಾಗೆ ಆಳ ಕಚ್ಚು ಬಿದ್ದಿದ್ರೆ ಮಾತ್ರ ಅದರ ಬಗ್ಗೆ ಯೋಚ್ನೆ ಮಾಡಿ.

ಒಂದು ಮಾತು ಒತ್ತಿ ಹೇಳ್ತೀನಿ. ಸ್ಪ್ರಿಂಗ್ ಕೆಳಗೆ ವಾಷರ್ ಹಾಕಿ ಟೈಟ್ ಮಾಡ್ತೀವಿ, ಇಲ್ಲಾಂದ್ರೆ ಹಳೇ ಸ್ಪ್ರಿಂಗನ್ನೇ ಎಳೆದು ಉದ್ದ ಮಾಡ್ತೀವಿ ಅಂತ ಯಾರಾದ್ರೂ ಅಂದ್ರೆ ಗಾಡಿ ವಾಪಸ್ ತಗೊಂಡು ಬನ್ನಿ. ಎಳೆದ ಸ್ಪ್ರಿಂಗ್ ಸ್ವಲ್ಪ ದಿನಕ್ಕೆ ಮತ್ತೆ ಕುಸೀತದೆ. ವಾಷರ್ ಹಾಕಿದ್ರೆ ಲಿವರ್ ಹಿಡಿದಾಗ ಸುರುಳಿಗೆ ಸುರುಳಿ ತಾಗಿ ಪ್ಲೇಟ್ ಪೂರ್ತಿ ಬಿಡದೇ ಇರಬಹುದು, ಸ್ಪ್ರಿಂಗ್ ಮುರಿಯಲೂಬಹುದು, ಕೈ ನೋವು ಕೇಬಲ್ ಸವೆತ ಬೇರೆ.

ಜೋಡಿಸುವಾಗ ಹೊಸ ಫ್ರಿಕ್ಷನ್ ಪ್ಲೇಟ್ ಇದ್ರೆ ಹಿಂದಿನ ರಾತ್ರಿನೇ ಎಂಜಿನ್ ಆಯಿಲ್ಲಲ್ಲಿ ನೆನೆಹಾಕಿ. ಬೋಲ್ಟ್ ಮತ್ತೆ ಎದುರುಬದುರಾಗಿ, ಸ್ವಲ್ಪ ಸ್ವಲ್ಪ. ಇವು ಸಾಮಾನ್ಯವಾಗಿ ಸಣ್ಣ 6 ಮಿ.ಮೀ. ಬೋಲ್ಟು, 10-12 ನ್ಯೂಟನ್ ಮೀಟರ್ ಸಾಕು, ಉದ್ದ ಸ್ಪ್ಯಾನರ್ ಹಾಕಿ ಭುಜಬಲ ತೋರಿಸಿದ್ರೆ ಥ್ರೆಡ್ ಹೋಗ್ತದೆ. ಆಮೇಲೆ ಫ್ರೀ ಪ್ಲೇ ಹೊಸದಾಗಿ ಸೆಟ್ ಮಾಡಿ, ಆಯಿಲ್ ಮಟ್ಟ ನೋಡಿ.

ಪಾರ್ಟ್ ಸಿಗೋ ತನಕ ಗಾಡಿ ಓಡಿಸ್ಲೇಬೇಕು ಅಂದ್ರೆ ಕೆಳಗಿನ ಗೇರಲ್ಲಿ ಕಮ್ಮಿ ಎಕ್ಸಲೇಟರಲ್ಲಿ ಹೋಗಿ, ಹಿಂದೆ ಯಾರನ್ನೂ ಕೂರಿಸ್ಕೊಬೇಡಿ, ಘಾಟಿ ಕಡೆ ಹೋಗ್ಲೇಬೇಡಿ, ಹದಿನಾಲ್ಕು ತಿರುವಲ್ಲಿ ಎಲ್ಲಿ ನಿಂತ್ರೂ ಹಿಂದೆ ಬಸ್ಸು ಇರ್ತದೆ. ಆದ್ರೆ ಇದು ಸೋತ ಸ್ಪ್ರಿಂಗಿಗೆ ಮಾತ್ರ. ಒಳಗೆ ಕಟಕಟ ಸದ್ದು ಬಂದು, ಲಿವರ್ ಹಿಡಿದ್ರೂ ಗಾಡಿ ಮುಂದಕ್ಕೆ ಎಳೀತಿದ್ರೆ ಸ್ಪ್ರಿಂಗ್ ಮುರಿದಿರೋ ಅನುಮಾನ ಇಟ್ಕೊಳ್ಳಿ, ಎಂಜಿನ್ ಅಲ್ಲೇ ಆಫ್ ಮಾಡಿ ಗೂಡ್ಸ್ ಆಟೋದಲ್ಲಿ ತಗೊಂಡು ಹೋಗಿ. ಮುರಿದ ಚೂರು ಗೇರಿನ ಹಲ್ಲಿಗೆ ಸಿಕ್ಕಿದ್ರೆ ಖರ್ಚು ಎಲ್ಲಿಗೋ ಹೋಗ್ತದೆ. ಬಿಚ್ಚಿದಾಗ ಚೂರುಗಳನ್ನೆಲ್ಲ ಪೇಪರ್ ಮೇಲೆ ಜೋಡಿಸಿ ಒಂದು ಪೂರ್ತಿ ಸ್ಪ್ರಿಂಗ್ ಆಗ್ತದಾ ನೋಡಿ, ಒಂದು ತುಂಡು ಕಮ್ಮಿ ಬಂದ್ರೂ ಆಯಿಲ್ ಇಳಿಸಿ ಜಾಲರಿ ತೆಗೆದು ಅದು ಸಿಗೋ ತನಕ ಕವರ್ ಮುಚ್ಚಬೇಡಿ.