ಬೆಕ್ಕುಪ್ರಿಯರಿಗೆ ಅಣಕು ಕವಿತೆ: ಯಾವುದನ್ನು ಓದಬೇಕು, ಕನ್ನಡದಲ್ಲಿ ಹೇಗೆ ಬರೆಯಬೇಕು?

ಮನೆ ತುಂಬ ಬೆಕ್ಕುಗಳನ್ನು ಸಾಕಿರುವ ಗೆಳತಿಯ ಹುಟ್ಟುಹಬ್ಬದಂದು ಓದುವುದಕ್ಕೆ, ಪ್ರಸಿದ್ಧ ಕವಿತೆಗಳನ್ನು ಬೆಕ್ಕಿನ ಬಾಯಿಂದ ಅಣಕಿಸಿದ ಹಾಸ್ಯಪದ್ಯಗಳು ಯಾವುವು, ಅಂಥದ್ದನ್ನು ಕನ್ನಡದಲ್ಲಿ ನಾವೇ ಬರೆಯಲಾದೀತೇ ಎಂದು ಕೇಳಿದ್ದೀರಿ. ಇಂಗ್ಲಿಷಿನಲ್ಲಿ ಇಂಥ ಪದ್ಯಗಳಿಗೆ ಬರವಿಲ್ಲ. ಆದರೆ ಅಂದು ಸೇರುವವರಲ್ಲಿ ಕನ್ನಡಿಗರೇ ಹೆಚ್ಚಾಗಿದ್ದರೆ ನೀವೇ ಬರೆಯುವುದು ಮೇಲೆಂದು ನನ್ನ ಅಭಿಪ್ರಾಯ. ಕೇಳುಗರ ಕಿವಿಯಲ್ಲಿ ಮೂಲದ ಧಾಟಿ ಮೊದಲೇ ನೆಲೆಸಿದ್ದರಷ್ಟೇ ಅಣಕು ನಗಿಸುತ್ತದೆ; ಮೂಲವನ್ನು ಓದಿ, ಅದರ ಅರ್ಥ ಬಿಡಿಸಿ, ಆಮೇಲೆ ಅಣಕಿಗೆ ಬರುವ ಹೊತ್ತಿಗೆ ಅರ್ಧ ಜನ ಊಟದ ಕಡೆಗೆ ಹೊರಟಿರುತ್ತಾರೆ.

ಆದರೂ ಬರೆಯಲು ಕೂರುವ ಮುನ್ನ ಥಾಮಸ್ ಗ್ರೇ ಎಂಬ ಇಂಗ್ಲಿಷ್ ಕವಿ 1747ರಲ್ಲಿ ಬರೆದ ಪದ್ಯವೊಂದನ್ನು ಓದಿಕೊಳ್ಳಿರಿ. ಅವನ ಗೆಳೆಯ ಹೊರೇಸ್ ವಾಲ್ಪೋಲನಿಗೆ ಸೆಲಿಮಾ ಎಂಬ ಬೆಕ್ಕಿತ್ತು. ಅದು ಚಿನ್ನದ ಬಣ್ಣದ ಮೀನುಗಳನ್ನು ಬಿಟ್ಟಿದ್ದ ಚೀನೀ ಪಿಂಗಾಣಿಯ ಪಾತ್ರೆಗೆ ಬಿದ್ದು ಸತ್ತಿತು. ಗೆಳೆಯನ ಕೋರಿಕೆಯ ಮೇರೆಗೆ ಗ್ರೇ ಅದಕ್ಕೊಂದು ಚರಮಗೀತೆ ಬರೆದ. ಮಹಾಕಾವ್ಯದ ನಾಯಿಕೆಗೆ ಸಲ್ಲಬೇಕಾದ ಸಕಲ ಗೌರವವನ್ನೂ ಬೆಕ್ಕಿಗೇ ಸಲ್ಲಿಸಿದ. ಅದನ್ನು ಅಪ್ಸರೆಯೆಂದು ಕರೆಯುತ್ತಾನೆ, ನೀರಿನಲ್ಲಿ ಕಂಡ ಅದರ ಪ್ರತಿಬಿಂಬವನ್ನು ಬಣ್ಣಿಸುತ್ತಾನೆ, ಅದು ಎಂಟು ಸಲ ಮೇಲೆದ್ದು ಜಲದೇವತೆಗಳಿಗೆಲ್ಲ ಮೊರೆಯಿಟ್ಟಿತೆನ್ನುತ್ತಾನೆ. ಬೆಕ್ಕಿಗೆ ಒಂಬತ್ತು ಜೀವಗಳೆಂಬುದು ಇಂಗ್ಲಿಷರ ನಂಬಿಕೆಯಾದ್ದರಿಂದ ಆ ಎಂಟರ ಲೆಕ್ಕ ಅಲ್ಲಿಯ ಓದುಗರಿಗೆ ಥಟ್ಟನೆ ಹೊಳೆಯುತ್ತದೆ. ಡಾಲ್ಫಿನ್ ಬರಲಿಲ್ಲ, ಸಮುದ್ರಕನ್ಯೆ ಕದಲಲಿಲ್ಲ, ಮನೆಯ ಆಳುಗಳಿಗೂ ಕೇಳಿಸಲಿಲ್ಲ. ಕವಿ ಎಲ್ಲಿಯೂ ತಾನು ನಗುತ್ತಿರುವುದಾಗಿ ತೋರಿಸಿಕೊಳ್ಳುವುದಿಲ್ಲ, ಪದ್ಯದ ಬಲವೆಲ್ಲ ಅಲ್ಲಿಯೇ ಇದೆ. ಇದನ್ನು ಹುಟ್ಟುಹಬ್ಬದಲ್ಲಿ ಓದಲು ಮಾತ್ರ ಹೋಗಬೇಡಿ. ಬೆಕ್ಕು ಸಾಕಿದವರ ಮುಂದೆ ಬೆಕ್ಕಿನ ಸಾವನ್ನು ಎಷ್ಟು ಸೊಗಸಾಗಿ ಹಾಡಿದರೂ ಮುಖ ಬಾಡುತ್ತದೆ.

ಓದಿಯೇ ತೀರಬೇಕೆಂದಿದ್ದರೆ ಹೆನ್ರಿ ಬಿಯರ್ಡ್ ಎಂಬ ಅಮೆರಿಕನ್ ಹಾಸ್ಯ ಲೇಖಕರ 1994ರ ಸಂಕಲನ ನಿಮ್ಮ ಅಗತ್ಯಕ್ಕೆ ಸರಿಹೊಂದುತ್ತದೆ. ದೊಡ್ಡ ಕವಿಗಳ ಬೆಕ್ಕುಗಳೇ ಕವಿತೆ ಬರೆದಿದ್ದರೆ ಅವು ಹೇಗಿರುತ್ತಿದ್ದವು ಎಂಬ ಕಲ್ಪನೆಯ ಮೇಲೆ ಇಡೀ ಪುಸ್ತಕ ನಿಂತಿದೆ. ಅದರಲ್ಲಿ ಶೇಕ್ಸ್‌ಪಿಯರನ ನಾಟಕದ ನಾಯಕ ಹ್ಯಾಮ್ಲೆಟನ ಬೆಕ್ಕು ಬದುಕುವುದೋ ಸಾಯುವುದೋ ಎಂದು ತೊಳಲಾಡುವುದಿಲ್ಲ, ಬಾಗಿಲಲ್ಲಿ ನಿಂತು ಹೊರಗೆ ಹೋಗುವುದೋ ಒಳಗೇ ಇರುವುದೋ ಎಂದು ತೊಳಲಾಡುತ್ತದೆ. ಬೆಕ್ಕಿಗಾಗಿ ಬಾಗಿಲು ತೆರೆದು ಹಿಡಿದುಕೊಂಡು ನಿಂತು ಸೋತವರಿಗೆ ಇದರ ಮೇಲೆ ವ್ಯಾಖ್ಯಾನ ಬೇಕಿಲ್ಲ. ಟಿ. ಎಸ್. ಎಲಿಯಟ್ 1939ರಲ್ಲಿ ಪ್ರಕಟಿಸಿದ ಬೆಕ್ಕಿನ ಪದ್ಯಗಳು ಹೆಚ್ಚು ಪ್ರಸಿದ್ಧವಾದರೂ ಅವು ಒಂದೊಂದು ಮೂಲ ಪದ್ಯವನ್ನು ಹಿಡಿದು ಅಣಕಿಸಿದವಲ್ಲ. ಕ್ರಿಸ್ಟೋಫರ್ ಸ್ಮಾರ್ಟ್ 18ನೆಯ ಶತಮಾನದಲ್ಲಿ ಮಾನಸಿಕ ಚಿಕಿತ್ಸಾಲಯದಲ್ಲಿದ್ದಾಗ ತನ್ನ ಬೆಕ್ಕು ಜೆಫ್ರಿಯ ಮೇಲೆ ಬರೆದ ಸಾಲುಗಳಂತೂ ನಿಜವಾದ ಸ್ತೋತ್ರ. ಅವು ಮೊದಲು ಅಚ್ಚಾದದ್ದೂ 1939ರಲ್ಲಿಯೇ.

ಇಂಥ ಕಾವ್ಯಕ್ಕೆ ಬೆಕ್ಕೇ ಏಕೆ ಒದಗುತ್ತದೆ, ನಾಯಿ ಏಕೆ ಒದಗುವುದಿಲ್ಲ? ನಾಯಿ ತನ್ನ ಸಂತೋಷವನ್ನು ಬಾಲದಲ್ಲಿಯೇ ಒಪ್ಪಿಕೊಂಡುಬಿಡುತ್ತದೆ. ಬೆಕ್ಕು ರಟ್ಟಿನ ಪೆಟ್ಟಿಗೆಯೊಳಗೆ ಕೂತಿದ್ದರೂ ಸಿಂಹಾಸನದಲ್ಲಿ ಕೂತಂತೆ ಕೂತಿರುತ್ತದೆ, ಮೇಜಿನ ಮೇಲಿನ ಲೋಟವನ್ನು ಕೆಳಕ್ಕೆ ದೂಡುವಾಗಲೂ ಮುಖದಲ್ಲಿ ರಾಜಕಾರ್ಯದ ಗಾಂಭೀರ್ಯ ಉಳಿದಿರುತ್ತದೆ. ನಮ್ಮ ಶಿಲ್ಪಿಗಳು ಇದನ್ನು ಎಂದೋ ಕಂಡುಕೊಂಡಿದ್ದರು. ತಮಿಳುನಾಡಿನ ಮಾಮಲ್ಲಪುರದಲ್ಲಿ ಪಲ್ಲವರ ಕಾಲದ, 7ನೆಯ ಶತಮಾನದ ದೊಡ್ಡ ಬಂಡೆಯ ಉಬ್ಬುಶಿಲ್ಪವಿದೆ. ಅದರಲ್ಲಿ ಒಬ್ಬ ತಪಸ್ವಿ ಒಂಟಿಗಾಲಲ್ಲಿ ನಿಂತು ಕೈಗಳನ್ನು ಮೇಲೆತ್ತಿ ತಪಸ್ಸು ಮಾಡುತ್ತಿದ್ದಾನೆ; ಅದೇ ಬಂಡೆಯ ಕೆಳಭಾಗದಲ್ಲಿ ಒಂದು ಬೆಕ್ಕು ಮುಂಗಾಲುಗಳನ್ನೆತ್ತಿ ಅವನಂತೆಯೇ ತಪಸ್ಸಿಗೆ ನಿಂತಿದೆ, ಸುತ್ತ ಇಲಿಗಳು ನೆರೆದಿವೆ. ಮೂಲವೂ ಅಣಕೂ ಒಂದೇ ಕಲ್ಲಿನಲ್ಲಿ, ಒಂದೇ ನೋಟದಲ್ಲಿ ಸಿಗುವಂತೆ ಕೆತ್ತಿದ ಆ ಶಿಲ್ಪಿಯ ಜಾಣ್ಮೆ ನಿಮ್ಮ ಪದ್ಯಕ್ಕೂ ಬೇಕು.

ಆದ್ದರಿಂದ ಕನ್ನಡದಲ್ಲಿ ಬರೆಯುವವರು ಮೊದಲು ಎಲ್ಲರ ಕಿವಿಯಲ್ಲಿರುವ ಒಂದು ಧಾಟಿಯನ್ನು ಆರಿಸಿಕೊಳ್ಳಬೇಕು. ನನ್ನ ಆಯ್ಕೆ ಭಾಮಿನೀ ಷಟ್ಪದಿ. ಕುಮಾರವ್ಯಾಸನ ಭಾರತದಿಂದ, ಗಮಕಿಗಳ ವಾಚನದಿಂದ, ಯಕ್ಷಗಾನದ ಪದ್ಯಗಳಿಂದ ಈ ಛಂದಸ್ಸು ಯುದ್ಧ, ಶಪಥ, ಪ್ರಲಾಪಗಳೊಂದಿಗೆ ನಮ್ಮ ಮನಸ್ಸಿನಲ್ಲಿ ಬೆಸೆದುಕೊಂಡಿದೆ. ಅದರಲ್ಲಿ ಬೆಕ್ಕಿನ ಹಸಿವನ್ನು ಹೇಳಿದೊಡನೆ ಅದು ಕುರುಕ್ಷೇತ್ರದ ಸಂಗತಿಯಾಗುತ್ತದೆ. ಇನ್ನೊಂದು ಸೋಜಿಗವಿದೆ. ಗ್ರೇ ತನ್ನ ಬೆಕ್ಕಿಗೆ ಆರಿಸಿಕೊಂಡದ್ದೂ ಆರು ಸಾಲಿನ ಪದ್ಯವನ್ನೇ, ಅಲ್ಲಿಯೂ ಮೂರನೆಯ ಮತ್ತು ಆರನೆಯ ಸಾಲುಗಳ ಅಳತೆಯೇ ಉಳಿದ ನಾಲ್ಕಕ್ಕಿಂತ ಬೇರೆ. ಅವನಲ್ಲಿ ಆ ಎರಡು ಸಾಲುಗಳು ಗಿಡ್ಡವಾಗುತ್ತವೆ, ನಮ್ಮಲ್ಲಿ ಉದ್ದವಾಗುತ್ತವೆ. ಅಣಕಿಗೆ ನಮ್ಮದೇ ಹೆಚ್ಚು ಅನುಕೂಲವೆನ್ನುತ್ತೇನೆ, ಏಕೆಂದರೆ ಆ ಉದ್ದನೆಯ ಸಾಲಿನಲ್ಲಿ ಬೆಕ್ಕು ತನ್ನ ಸಂಕಟವನ್ನು ಎಳೆದೆಳೆದು ಹೇಳಿಕೊಳ್ಳಬಹುದು. ಬೆಳಗಿನ ಜಾವ ಮಲಗಿದವರ ಎದೆಯ ಮೇಲೆ ಕೂತ ಬೆಕ್ಕಿನ ಮಾತಾಗಿ ನಾನು ಬರೆದದ್ದು ಇದು:

ಹೊಟ್ಟೆ ಹಸಿದಿದೆ ಕೇಳು ಮಾನವ
ಬಟ್ಟಲಡಿಯದು ಕಾಣುತಿರುವುದು
ಕಟ್ಟಕಡೆಯಿದು ನನ್ನ ಬಾಳಿನ ರಾತ್ರಿ ತಿಳಿದಿರು ನೀ
ಬಿಟ್ಟು ಹಾಸಿಗೆಯೇಳು ಬೇಗನೆ
ಇಟ್ಟ ಮೀನಿನ ಡಬ್ಬ ತೆರೆದಿಡು
ಮುಟ್ಟೆ ನಾನದನಿಂದು ಬೇರೆಯ ರುಚಿಯ ತಂದೀಯೋ

ಲೆಕ್ಕ ಸರಳ. ಹ್ರಸ್ವಾಕ್ಷರಕ್ಕೆ ಒಂದು ಮಾತ್ರೆ, ದೀರ್ಘಾಕ್ಷರಕ್ಕೂ ಒತ್ತಕ್ಷರದ ಹಿಂದಿನ ಅಕ್ಷರಕ್ಕೂ ಎರಡು; ಎರಡು ಮಾತ್ರೆಯದೇ ಗುರು. ಗಿಡ್ಡ ಸಾಲುಗಳಲ್ಲಿ ಮೂರು, ನಾಲ್ಕು, ಮೂರು, ನಾಲ್ಕು ಎಂದು 14 ಮಾತ್ರೆಗಳು, ಉದ್ದ ಸಾಲುಗಳಲ್ಲಿ ಮೂರು–ನಾಲ್ಕರ ಜೋಡಿ ಮೂರು ಸಲ ಬಂದು ಕೊನೆಗೊಂದು ಗುರು, ಒಟ್ಟು 23. ಆರೂ ಸಾಲುಗಳ ಎರಡನೆಯ ಅಕ್ಷರ ಒಂದೇ ವ್ಯಂಜನವಾಗಿ ಪ್ರಾಸ ಕೂಡಬೇಕು. ಇಷ್ಟು ಕಟ್ಟುನಿಟ್ಟು ತಮಾಷೆಯ ಪದ್ಯಕ್ಕೆ ಏಕೆಂದು ನಿಮಗೆ ಅನ್ನಿಸಬಹುದು. ಗಂಭೀರ ಪದ್ಯದಲ್ಲಿ ಒಂದು ಮಾತ್ರೆ ತಪ್ಪಿದರೆ ಭಾವ ಅದನ್ನು ಮುಚ್ಚಿಕೊಂಡೀತು. ಅಣಕಿನಲ್ಲಿ ತಪ್ಪಿದರೆ ಕೇಳುಗರು ಬೆಕ್ಕನ್ನು ಬಿಟ್ಟು ಬರೆದವರನ್ನು ನೋಡಿ ನಗುತ್ತಾರೆ.

ವಚನದ ಧಾಟಿ ಸುಲಭವೆಂದು ಅನೇಕರು ಅದಕ್ಕೆ ಕೈಹಾಕುತ್ತಾರೆ, ನಾನು ಹಾಕುವುದಿಲ್ಲ. ಕೊನೆಗೊಂದು ಹುಸಿ ಅಂಕಿತ ಅಂಟಿಸಿದ ಮಾತ್ರಕ್ಕೆ ಗದ್ಯ ವಚನವಾಗುವುದಿಲ್ಲ. ಜೊತೆಗೆ ಅದು ಹಲವರಿಗೆ ಇಂದಿಗೂ ಪೂಜೆಯ ಮಾತಾಗಿರುವುದರಿಂದ ಹುಟ್ಟುಹಬ್ಬದ ಮನೆಯಲ್ಲಿ ಯಾರಿಗಾದರೂ ನೋವಾಗುವ ಸಂಭವವಿದೆ. ತ್ರಿಪದಿ ಪರವಾಗಿಲ್ಲ, ಅದರ ಉಪದೇಶದ ಠೀವಿ ಬೆಕ್ಕಿಗೆ ಚೆನ್ನಾಗಿ ಹೊಂದುತ್ತದೆ. ಮಕ್ಕಳೂ ಇರುವ ಕೂಟವಾದರೆ ‘ಬೆಕ್ಕೇ ಬೆಕ್ಕೇ ಮುದ್ದಿನ ಸೊಕ್ಕೇ’ ಎಂಬ ಶಿಶುಗೀತೆಯನ್ನೇ ತಿರುಗಿಸಿ, ಎಲ್ಲಿಗೆ ಹೋಗಿದ್ದೆ ಎಂದು ಈ ಸಲ ಬೆಕ್ಕು ಮನುಷ್ಯರನ್ನು ವಿಚಾರಿಸುವಂತೆ ಮಾಡಬಹುದು. ಕಚೇರಿಯಿಂದ ತಡವಾಗಿ ಬಂದವರನ್ನು ಅದು ಹೇಗಿದ್ದರೂ ಹಾಗೆಯೇ ನೋಡುತ್ತದೆ.

ಯಾವ ಧಾಟಿ ಹಿಡಿದರೂ ಒಳಗಿನ ವಿವರ ಆ ಮನೆಯ ಬೆಕ್ಕಿನದೇ ಆಗಿರಲಿ. ಬೆಕ್ಕು ಸೋಮಾರಿ, ಬೆಕ್ಕು ಕಳ್ಳ, ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಎಂಬ ಮಾತುಗಳು ಬೆಕ್ಕು ಸಾಕದವರಿಗೂ ಗೊತ್ತಿವೆ. ಬಟ್ಟಲಿನಲ್ಲಿ ಇನ್ನೂ ಅರ್ಧ ಆಹಾರವಿದ್ದರೂ ನಡುವೆ ತಳ ಕಂಡೊಡನೆ ಉಪವಾಸ ಬಿದ್ದಂತೆ ಗೋಳಿಡುವುದು, ಅರೆಜೀವದ ಹಲ್ಲಿಯನ್ನು ದಿಂಬಿನ ಬಳಿ ಉಡುಗೊರೆಯಾಗಿ ತಂದಿಡುವುದು ಸಾಕಿದವರಿಗೆ ಮಾತ್ರ ಗೊತ್ತು. ಅವರು ನಗುವುದೂ ಅದಕ್ಕೇ. ಗೆಳತಿಯನ್ನು ಉಪಾಯವಾಗಿ ಮಾತಿಗೆಳೆದು ಇಂಥ ಎರಡು ಮೂರು ಸಂಗತಿಗಳನ್ನು ಮೊದಲೇ ತಿಳಿದಿಟ್ಟುಕೊಳ್ಳಿ.

ಮೇಲಿನ ಷಟ್ಪದಿಯನ್ನೇ ಬಳಸಿಕೊಳ್ಳುವುದಾದರೆ ನನ್ನ ಅಭ್ಯಂತರವಿಲ್ಲ. ‘ಮಾನವ’ ಎಂಬಲ್ಲಿ ನಾಲ್ಕು ಮಾತ್ರೆಯ ಹೆಸರನ್ನು ಹಾಕಬಹುದು: ಶಾರದೆ, ಮಾಲತಿ ಸರಿಹೋಗುತ್ತವೆ, ಲಕ್ಷ್ಮಿ ಎಂಬ ಹೆಸರಿಗೆ ಒಂದು ಮಾತ್ರೆ ಕಡಿಮೆಯಾಗುವುದರಿಂದ ‘ಲಕ್ಷ್ಮಿಯೆ’ ಎಂದು ಕರೆಯಬೇಕು. ಮನೆಯವರು ಮೀನು ತರದವರಾದರೆ ‘ಇಟ್ಟ ಹಾಲಿನ ಪಾತ್ರೆ ತೆರೆದಿಡು’ ಎಂದು ಬದಲಿಸಿಕೊಳ್ಳಿ, ಮಾತ್ರೆ ಕೆಡುವುದಿಲ್ಲ. ಬೆಳೆದ ಬೆಕ್ಕುಗಳಲ್ಲಿ ಅನೇಕಕ್ಕೆ ಹಾಲು ಜೀರ್ಣವಾಗುವುದಿಲ್ಲವಾದ್ದರಿಂದ ಅದನ್ನು ಪದ್ಯದಲ್ಲಿ ಮಾತ್ರ ಬಡಿಸಿರಿ.